ಒಂದು ಪಿಕ್ಸೆಲ್ಲೂ ಕಳೆಯದೆ ಗಾತ್ರ ಇಳಿಸುವುದು

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಒಟ್ಟಾಗಿ ಅಚ್ಚಾದದ್ದು 1898ರಲ್ಲಿ, ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಈ ಸಂಪುಟಗಳನ್ನು ಪರಿಷ್ಕರಿಸಿದಾಗ ಗುಂಡ್ಲುಪೇಟೆ ಮೂರನೆಯದಕ್ಕೆ ಸೇರಿತು, ಚಾಮರಾಜನಗರ ನಾಲ್ಕನೆಯದರಲ್ಲೇ ಉಳಿಯಿತು. ಎರಡೂ ಸಲ ಓದುಗರ ಕೈಗೆ ಬಂದದ್ದು ಮುಖ್ಯವಾಗಿ ಶಾಸನದ ಪಾಠ. ಕಲ್ಲು ಹೇಗಿದೆ ಎಂದು ತೋರಿಸುವ ಫಲಕಗಳು ಅಲ್ಲೊಂದು ಇಲ್ಲೊಂದು. ಇವತ್ತು ಪರಿಸ್ಥಿತಿ ತಿರುಗಿದೆ. ತೆರಕಣಾಂಬಿಯ ಗುಡಿಯಲ್ಲೋ ತ್ರಿಯಂಬಕಪುರದಲ್ಲೋ ಮಲೆಯೂರಿನ ಕನಕಗಿರಿಯಲ್ಲೋ ಚಿತ್ರ ತೆಗೆಯುವುದು ಕ್ಷಣದ ಕೆಲಸ. ತೆಗೆದದ್ದನ್ನು ಇಟ್ಟುಕೊಳ್ಳುವುದೇ ದೊಡ್ಡ ಕೆಲಸ.

ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಒಟ್ಟು 7 ಕೋಟಿ 20 ಲಕ್ಷ ಬೈಟ್, ಅಂದರೆ 72 ಎಂಬಿ. ಬಣ್ಣವೊಂದಕ್ಕೆ 16 ಬಿಟ್ ಇಟ್ಟರೆ 144 ಎಂಬಿ. ಇಂಥ ಸಾವಿರ ಚಿತ್ರ ಸೇರಿದರೆ ಒಂದೇ ಗುಡಿಗೆ 144 ಜಿಬಿ. 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ‘ಭಾರತ್ ಶ್ರೀ’ ಯೋಜನೆಯ ಮೊದಲ ಹಂತದ ಗುರಿ ಒಂದು ಲಕ್ಷ ಶಾಸನಗಳ ಡಿಜಿಟಲೀಕರಣ. ಶಾಸನಕ್ಕೆ ಒಂದೇ ಚಿತ್ರ, ಅದೂ 60 ಮೆಗಾಪಿಕ್ಸೆಲ್ ಎಂದು ಊಹಿಸಿಕೊಂಡರೂ ಸಂಕುಚನವಿಲ್ಲದ ಬಣ್ಣದ ಫೈಲುಗಳಿಗೆ 18 ಟಿಬಿ ಬೇಕು. ಬ್ಯಾಕಪ್ ಎರಡು ಪ್ರತಿ ಸೇರಿದರೆ 54.

ಜಾಗ ಉಳಿಸುವುದಕ್ಕೆ ಎಲ್ಲರಿಗೂ ಗೊತ್ತಿರುವ ದಾರಿ ಜೆಪೆಗ್. ಕಣ್ಣಿಗೆ ಬೇಗ ತಿಳಿಯದ ವಿವರವನ್ನು ಅದು ಎಸೆದುಬಿಡುತ್ತದೆ. ಮದುವೆ ಆಲ್ಬಮ್ಮಿಗೆ ಇಷ್ಟು ಸಾಕು. ಸವೆದ ಅಕ್ಷರದ ಅಂಚು ಎಲ್ಲಿ ಮುಗಿಯುತ್ತದೆ, ಕಲ್ಲಿನ ಒಡಕು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವವನಿಗೆ ಸಾಲದು. ಕಪ್ಪು ಬಿಳುಪು ಕೂಡುವ ಕಡೆಯಲ್ಲೇ ಜೆಪೆಗ್ ಸುತ್ತಲೂ ಮಂಕು ಅಲೆ ಎಬ್ಬಿಸುತ್ತದೆ. ಶಾಸನ ಓದುವವರು ಕಣ್ಣು ನೆಡುವುದೂ ಅಲ್ಲೇ. ಹಾಗಾಗಿ ಪ್ರಶ್ನೆ ಇದು: ಒಂದು ಪಿಕ್ಸೆಲ್ಲೂ ಬದಲಾಗದಂತೆ, ಬರೀ ಫೈಲಿನ ಮಾದರಿ ಬದಲಿಸಿ ಎಷ್ಟು ಜಾಗ ಉಳಿಸಬಹುದು?

ಮೊದಲು ಇದು ಹೇಗೆ ಸಾಧ್ಯ ಎನ್ನುವುದು. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ತೆಗೆದ ಪಡಿಯಚ್ಚನ್ನೇ ತೆಗೆದುಕೊಳ್ಳಿ. ನೆಲವೆಲ್ಲ ಕಪ್ಪು, ಕೊರೆದ ಅಕ್ಷರ ಬಿಳಿ. ಅದನ್ನು ಸ್ಕ್ಯಾನ್ ಮಾಡಿ ಒಂದು ಸಾಲಿನ ಪಿಕ್ಸೆಲ್‌ಗಳ ಬೆಲೆ ನೋಡಿದರೆ ಸುಮಾರಾಗಿ 41, 42, 42, 40, 41, 43 ಎಂದು ಸಾಗುತ್ತದೆ. ಪ್ರತಿಯೊಂದನ್ನೂ ಹಾಗೇ ಬರೆಯುವ ಬದಲು ಎಡಗಡೆಯದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದರೆ 41, +1, 0, −2, +1, +2. ಇವೆಲ್ಲ ಸಣ್ಣ ಅಂಕಿಗಳು, ಪದೇ ಪದೇ ಬರುವ ಅಂಕಿಗಳು. ಹೆಚ್ಚು ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಟ್ಟರೆ ಜಾಗ ಉಳಿಯಿತು. ತೆರೆಯುವಾಗ ಕೂಡುತ್ತಾ ಹೋದರೆ ಮೂಲ ಬೆಲೆಗಳು ಹಾಗ್ಹಾಗೇ ಬರುತ್ತವೆ. ಲಾಸ್‌ಲೆಸ್, ಅಂದರೆ ನಷ್ಟವಿಲ್ಲದ, ಮಾದರಿಗಳೆಲ್ಲದರ ಹಿಂದೆ ಸ್ಥೂಲವಾಗಿ ಇರುವುದು ಇದೇ: ಮುಂದಿನ ಪಿಕ್ಸೆಲ್ಲನ್ನು ಊಹಿಸು, ಊಹೆ ಎಷ್ಟು ತಪ್ಪಿತೆಂದು ಮಾತ್ರ ಬರೆ. ಊಹೆ ಚೆನ್ನಾದಷ್ಟೂ ಫೈಲ್ ಚಿಕ್ಕದು.

ಇಲ್ಲಿಯೇ ಮಿತಿಯೂ ಇದೆ. ಕ್ಲಾಡ್ ಶಾನನ್ 1948ರಲ್ಲಿ ತೋರಿಸಿದಂತೆ ಊಹಿಸಲಾಗದ್ದನ್ನು ಕುಗ್ಗಿಸಲಾಗದು. ಬಂಡೀಪುರದಲ್ಲಿ ಸಂಜೆ ಸಫಾರಿಗೆ ಹೋದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಬೆಳಕಿರುವಾಗ ತೆಗೆದ ಜಿಂಕೆ ಹಿಂಡಿನ ರಾ ಫೈಲಿಗಿಂತ (ಸೆನ್ಸರ್ ಕೊಟ್ಟ ಕಚ್ಚಾ ಫೈಲ್), ಬೆಳಕು ಇಳಿದ ಮೇಲೆ ಐಎಸ್ಒ 6400ಕ್ಕೆ ಏರಿಸಿ ತೆಗೆದ ಬರಿಯ ಪೊದೆಯ ರಾ ಫೈಲ್ ದೊಡ್ಡದಾಗಿರುತ್ತದೆ. ವಿವರ ಹೆಚ್ಚಾಗಿದ್ದರಿಂದ ಅಲ್ಲ, ಸೆನ್ಸರ್ ಎಬ್ಬಿಸಿದ ಕಾಳು ಕಾಳು ಗದ್ದಲ ಹೆಚ್ಚಾಗಿದ್ದರಿಂದ. ಆ ಗದ್ದಲವನ್ನೂ ನಿಷ್ಠೆಯಿಂದ ಕಾಪಾಡುವುದು ಲಾಸ್‌ಲೆಸ್ ಫೈಲಿನ ಹಣೆಬರಹ. ಯಾವ ಹೊಸ ಮಾದರಿ ಬಂದರೂ ಇಂಥ ಚಿತ್ರದ ಮೇಲೆ ಪವಾಡ ನಡೆಯುವುದಿಲ್ಲ.

ಈಗ ಮಾದರಿಗಳ ಕಡೆಗೆ. ಬಿಎಂಪಿ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಹುಮಟ್ಟಿಗೆ ಅದು ಸಂಕುಚನವೇ ಇಲ್ಲದ ಮೂಟೆ. ಟಿಫ್ 1986ರದು, 1992ರ 6.0 ಆವೃತ್ತಿಯೇ ಇಂದಿಗೂ ಆಧಾರ. ಗ್ರಂಥಾಲಯಗಳೂ ಪತ್ರಾಗಾರಗಳೂ ಮೂಲಪ್ರತಿಗೆ ಇದನ್ನೇ ನೆಚ್ಚಿಕೊಂಡಿವೆ. ಟಿಫ್ ಎನ್ನುವುದು ಹೊರಗಿನ ಕಟ್ಟು ಮಾತ್ರ, ಒಳಗೆ ಸಂಕುಚನ ಇರಬಹುದು, ಇಲ್ಲದಿರಬಹುದು. ನಮ್ಮ ಕಡೆಯ ಸ್ಕ್ಯಾನಿಂಗ್ ಅಂಗಡಿಗಳಲ್ಲಿ ‘ಟಿಫ್‌ನಲ್ಲಿ ಕೊಡಿ’ ಎಂದರೆ ಸಾಮಾನ್ಯವಾಗಿ ಸಂಕುಚನವಿಲ್ಲದ್ದೇ ಬರುತ್ತದೆ. ಅದೇ ಫೈಲನ್ನು ಟಿಫ್‌ನೊಳಗೇ ಡಿಫ್ಲೇಟ್ ಅಥವಾ ಎಲ್‌ಝಡ್‌ಡಬ್ಲ್ಯೂ ಎಂಬ ಸಂಕುಚನ ಕೊಟ್ಟು ಉಳಿಸಿದರೆ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಒಂದೇ ಎಚ್ಚರಿಕೆ: 16 ಬಿಟ್ ಚಿತ್ರಕ್ಕೆ ಎಲ್‌ಝಡ್‌ಡಬ್ಲ್ಯೂ ಹಾಕಿದರೆ ಫೈಲ್ ಕುಗ್ಗುವ ಬದಲು ಹಿಗ್ಗುವುದೂ ಉಂಟು.

ಪಿಎನ್‌ಜಿ ಹುಟ್ಟಿದ್ದು ಜಗಳದಲ್ಲಿ. ಜಿಫ್ ಚಿತ್ರಗಳ ಹಿಂದಿದ್ದ ಎಲ್‌ಝಡ್‌ಡಬ್ಲ್ಯೂ ವಿಧಾನಕ್ಕೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಡಿಸೆಂಬರ್‌ನಲ್ಲಿ ಅದಕ್ಕೆ ಹಣ ಕೊಡಬೇಕು ಎಂಬ ಮಾತು ಬಂದಾಗ ತಂತ್ರಜ್ಞರು ಸೇರಿ ಯಾರ ಹಂಗೂ ಇಲ್ಲದ ಹೊಸ ಮಾದರಿ ಕಟ್ಟಿದರು. 1996ರ ಅಕ್ಟೋಬರ್‌ನಲ್ಲಿ ಅದು ಅಂಗೀಕೃತವಾಯಿತು. ಮೇಲೆ ಹೇಳಿದ ಎಡಗಡೆಯ ಪಿಕ್ಸೆಲ್ಲಿನಿಂದ ಊಹಿಸುವುದು, ಮೇಲಿನ ಸಾಲಿನಿಂದ ಊಹಿಸುವುದು, ಎರಡರ ಸರಾಸರಿಯಿಂದ ಊಹಿಸುವುದು, ಹೀಗೆ ಕೆಲವು ಬಗೆಗಳನ್ನು ಪಿಎನ್‌ಜಿ ಸಾಲು ಸಾಲಿಗೂ ಬದಲಿಸಿಕೊಳ್ಳಬಲ್ಲದು. ಯಾವ ಸಾಲಿಗೆ ಯಾವುದು ಎಂದು ಆರಿಸುವುದು ಉಳಿಸುವ ತಂತ್ರಾಂಶದ ಜಾಣತನ. ಅವಸರದಲ್ಲಿ ಉಳಿಸಿದ ಪಿಎನ್‌ಜಿಯನ್ನು ಆಪ್ಟಿಪಿಎನ್‌ಜಿ, ಆಕ್ಸಿಪಿಎನ್‌ಜಿಯಂಥ ಉಚಿತ ತಂತ್ರಾಂಶಗಳು ತಾಳ್ಮೆಯಿಂದ ಮತ್ತೆ ಕಟ್ಟುವುದು ಇದರಿಂದಲೇ ಸಾಧ್ಯ. ಗೂಗಲ್ 2013ರಲ್ಲಿ ಬಿಟ್ಟ ಝೋಪ್ಫ್ಲಿ ಇನ್ನೂ ಮೂರರಿಂದ ಎಂಟು ಪ್ರತಿಶತ ಉಳಿಸುತ್ತದೆ, ಆದರೆ ಗಂಟೆಗಟ್ಟಲೆ ಕಾಯಿಸುತ್ತದೆ. ಮಾದರಿ ಬದಲಾಗಲಿಲ್ಲ, ಎಲ್ಲ ಕಡೆಯೂ ತೆರೆಯುತ್ತದೆ, ಗಾತ್ರ ಮಾತ್ರ ಇಳಿಯಿತು. ಅಪಾಯವೇ ಇಲ್ಲದ ಲಾಭ ಇದು.

2011ರಲ್ಲಿ ಗೂಗಲ್ ವೆಬ್‌ಪಿಗೆ ಲಾಸ್‌ಲೆಸ್ ಬಗೆಯನ್ನು ಸೇರಿಸಿತು. ಪಿಎನ್‌ಜಿಗಿಂತ ಸರಾಸರಿ 26 ಪ್ರತಿಶತ ಚಿಕ್ಕದು ಎನ್ನುವುದು ಅದರದೇ ಹೇಳಿಕೆ. ಜಾಲತಾಣಕ್ಕೆ ಒಳ್ಳೆಯದು. ಸಂಗ್ರಹಕ್ಕೆ ಎರಡು ಅಡ್ಡಿಗಳಿವೆ. ಬಣ್ಣಕ್ಕೆ 8 ಬಿಟ್‌ಗಿಂತ ಹೆಚ್ಚು ಇಡಲಾಗದು. ಅಡ್ಡಕ್ಕಾಗಲಿ ಉದ್ದಕ್ಕಾಗಲಿ 16,383 ಪಿಕ್ಸೆಲ್ ದಾಟಲಾಗದು. ಎ0 ಅಳತೆಯ ನಕ್ಷೆಯೊಂದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲವೇ ಹತ್ತೊಂಬತ್ತು ಸಾವಿರ ದಾಟುತ್ತದೆ. ಅಲ್ಲಿಗೆ ವೆಬ್‌ಪಿ ಕಥೆ ಮುಗಿಯಿತು.

ಜೆಪೆಗ್ 2000ಕ್ಕೂ ಲಾಸ್‌ಲೆಸ್ ಬಗೆ ಇದೆ. ಇಂಟರ್‌ನೆಟ್ ಆರ್ಕೈವ್ ತನ್ನ ಸ್ಕ್ಯಾನ್ ಪುಟಗಳಿಗೆ ಈ ಮಾದರಿಯನ್ನು ಬಳಸುತ್ತದೆ, ಆಸ್ಪತ್ರೆಗಳ ಡೈಕಾಮ್ ಚಿತ್ರಗಳಲ್ಲೂ ಅದು ಸಲ್ಲುತ್ತದೆ. ಜನಸಾಮಾನ್ಯರ ಬಳಕೆಗೆ ಅದು ಬರಲೇ ಇಲ್ಲ. ಹೆಸರುಗಳ ಈ ಸಂತೆಯಲ್ಲಿ ನಿಂತು ನೋಡಬೇಕಾದ್ದು ಜೆಪೆಗ್ ಎಕ್ಸ್‌ಎಲ್. 2022ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಬಣ್ಣದ ಆಳಕ್ಕೂ ಅಳತೆಗೂ ಪ್ರಾಯೋಗಿಕವಾಗಿ ಮಿತಿಯಿಲ್ಲ. ಪಿಎನ್‌ಜಿಗಿಂತ ಸುಮಾರು 35 ಪ್ರತಿಶತ ಚಿಕ್ಕದು ಎಂದು ಅದನ್ನು ಕಟ್ಟಿದವರು ಹೇಳುತ್ತಾರೆ. ಈ ಪ್ರತಿಶತಗಳನ್ನು ನಮ್ಮ 72 ಎಂಬಿಯ ಚಿತ್ರಕ್ಕೆ ಅನ್ವಯಿಸಿದರೆ, ಗದ್ದಲ ಕಡಿಮೆಯಿರುವ ಫೋಟೊ ಪಿಎನ್‌ಜಿಯಲ್ಲಿ 40ರ ಆಸುಪಾಸು, ವೆಬ್‌ಪಿಯಲ್ಲಿ 30, ಎಕ್ಸ್‌ಎಲ್‌ನಲ್ಲಿ 26 ಎಂಬಿಗೆ ಬಂದೀತು. ಗಮನಿಸಿ: ಮೊದಲ ಹೆಜ್ಜೆಯಲ್ಲೇ 32 ಎಂಬಿ ಉಳಿಯಿತು, ಮುಂದಿನ ಎಲ್ಲ ಸಾಹಸದಿಂದ ಉಳಿದದ್ದು 14. ಸಂಕುಚನವಿಲ್ಲದ ಫೈಲುಗಳನ್ನು ಇಟ್ಟುಕೊಂಡು ಯಾವ ಹೊಸ ಮಾದರಿ ಶ್ರೇಷ್ಠ ಎಂದು ವಾದಿಸುತ್ತಾ ಕೂರುವವರಿಗೆ ಈ ಅಂಕಿ ಮುಟ್ಟಬೇಕು.

ಜೆಪೆಗ್ ಎಕ್ಸ್‌ಎಲ್‌ಗೆ ಮೇಲೆ ಹೇಳಿದ ಬೇರೆ ಯಾವ ಮಾದರಿಗೂ ಇಲ್ಲದ ಇನ್ನೊಂದು ಗುಣವಿದೆ, ಅದು ನಮ್ಮ ಚಾಮರಾಜನಗರ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ್ದು. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಆದ್ದರಿಂದ ಜಾಡಿನ ಎರಡೂ ಕಡೆ ಕ್ಯಾಮೆರಾ ಕಟ್ಟಿ ಎರಡೂ ಮಗ್ಗುಲ ಚಿತ್ರ ತೆಗೆದು ಎಣಿಸುವ ಕ್ರಮ ಇದೆ. 2018ರ ಅಖಿಲ ಭಾರತ ಗಣತಿಯಲ್ಲಿ 26,838 ಕಡೆ ಕಟ್ಟಿದ ಕ್ಯಾಮೆರಾಗಳಿಂದ ಬಂದ ಚಿತ್ರಗಳು 3,48,58,623. ಅದರಲ್ಲಿ ಹುಲಿಯವು 76,651. ಉಳಿದದ್ದರಲ್ಲಿ ಜಿಂಕೆ, ಆನೆ, ದನ, ಗಾಳಿಗೆ ಆಡಿದ ಹುಲ್ಲು ಎಲ್ಲ ಇವೆ. ಈ ಕ್ಯಾಮೆರಾಗಳು ಸಾಮಾನ್ಯವಾಗಿ ಕೊಡುವುದೇ ಜೆಪೆಗ್. ಆದ ನಷ್ಟ ಕ್ಯಾಮೆರಾದೊಳಗೇ ಆಗಿಹೋಗಿದೆ. ಇಂಥ ಜೆಪೆಗನ್ನು ಪಿಎನ್‌ಜಿ ಮಾಡಿದರೆ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಹೋದ ವಿವರ ಒಂದಿಷ್ಟೂ ಬರುವುದಿಲ್ಲ. ‘ಪಿಎನ್‌ಜಿ ಮಾಡಿದರೆ ಕ್ವಾಲಿಟಿ ಜಾಸ್ತಿ’ ಎಂಬ ಸ್ಟುಡಿಯೊ ನಂಬಿಕೆಗೆ ಬುಡವಿಲ್ಲ. ಎಕ್ಸ್‌ಎಲ್ ಮಾಡುವುದು ಬೇರೆ. ಜೆಪೆಗ್‌ನೊಳಗಿನ ಅಂಕಿಗಳನ್ನು ಮುಟ್ಟದೆ ಅವುಗಳನ್ನು ಕಟ್ಟಿಡುವ ರೀತಿಯನ್ನಷ್ಟೇ ಬದಲಿಸಿ ಸುಮಾರು 20 ಪ್ರತಿಶತ ಉಳಿಸುತ್ತದೆ. ಬೇಕೆಂದಾಗ ಮೂಲ ಜೆಪೆಗ್ ಫೈಲನ್ನು ಒಂದು ಬಿಟ್ಟೂ ಆಚೀಚೆಯಾಗದಂತೆ ಮರಳಿಸುತ್ತದೆ. ಚಿತ್ರಕ್ಕೆ ಒಂದು ಎಂಬಿ ಎಂದು ಇಟ್ಟುಕೊಂಡರೂ ಆ ಗಣತಿಯ ಚಿತ್ರಗಳು 35 ಟಿಬಿ. ಉಳಿಯುವುದು 7 ಟಿಬಿ. ಆದರೆ ಪಟ್ಟೆ ಹೋಲಿಸುವ, ಪ್ರಾಣಿ ವಿಂಗಡಿಸುವ ತಂತ್ರಾಂಶಗಳು ನಡೆಯುತ್ತಿರುವುದು ಜೆಪೆಗ್ ಮೇಲೆ. ಕೆಲಸ ನಡೆಯುವ ಪ್ರತಿಯನ್ನು ಬದಲಿಸದೆ, ಕಪಾಟು ಸೇರಿದ ಹಳೆಯ ವರ್ಷಗಳ ಪ್ರತಿಗೆ ಇದನ್ನು ಬಳಸುವುದು ಬುದ್ಧಿವಂತಿಕೆ.

ರಾ ಫೈಲ್ ತೆಗೆಯುವ ವನ್ಯಜೀವಿ ಛಾಯಾಗ್ರಾಹಕರಿಗೆ ಇರುವ ದಾರಿ ಡಿಎನ್‌ಜಿ, ಅಡೋಬಿಯ 2004ರ ಮಾದರಿ. ಅದರ 2023ರ ಆವೃತ್ತಿಯ ಒಳಗೇ ಜೆಪೆಗ್ ಎಕ್ಸ್‌ಎಲ್ ಸೇರಿಕೊಂಡಿದೆ. ಹೆಚ್ಚಿನವರು ಮರೆಯುವ ಸುಲಭ ಉಪಾಯ ಕ್ಯಾಮೆರಾದ ಮೆನುವಿನಲ್ಲೇ ಇದೆ: ‘ಅನ್‌ಕಂಪ್ರೆಸ್ಡ್’ ಬದಲು ‘ಲಾಸ್‌ಲೆಸ್ ಕಂಪ್ರೆಸ್ಡ್’ ಆರಿಸುವುದು.

ಕಾಡಿನಿಂದ ತಾಲ್ಲೂಕು ಕಚೇರಿಗೆ ಬಂದರೆ ಚಿತ್ರದ ಜಾತಿಯೇ ಬದಲಾಗುತ್ತದೆ. ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಹೆಸರಿನಲ್ಲಿ ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಲು ಹೊರಟಿತು. ಮೊದಲು ಜಿಲ್ಲೆಗೊಂದು ತಾಲ್ಲೂಕು, ಆಮೇಲೆ ಉಳಿದವು. ಪಹಣಿ, ಮ್ಯುಟೇಶನ್, ಆಕಾರ್‌ಬಂದ್, ಹಿಸ್ಸಾ ಟಿಪ್ಪಣಿ: ಇವೆಲ್ಲ ಕಾಗದದ ಮೇಲಿನ ಮಸಿ. ಎ4 ಹಾಳೆಯನ್ನು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕಚ್ಚಾ ಗಾತ್ರ 26 ಎಂಬಿ, ಬೂದು ಛಾಯೆಯಲ್ಲಿ 8.7, ಬರೀ ಕಪ್ಪು ಬಿಳುಪಿನಲ್ಲಿ 1.1. ಈ ಕೊನೆಯದನ್ನು ಫ್ಯಾಕ್ಸ್ ಕಾಲದ ಗ್ರೂಪ್ 4 ವಿಧಾನದಲ್ಲಿ ಟಿಫ್ ಮಾಡಿದರೆ ನೂರು ಕೆಬಿ ಆಸುಪಾಸಿಗೆ ಇಳಿಯುತ್ತದೆ, ಲಾಸ್‌ಲೆಸ್ ಆಗಿಯೇ. ಆದರೆ ಬಣ್ಣದಿಂದ ಕಪ್ಪು ಬಿಳುಪಿಗೆ ಹೋದದ್ದು ಲಾಸ್‌ಲೆಸ್ ಅಲ್ಲ ಎನ್ನುವುದನ್ನು ಮರೆಮಾಚಬಾರದು. ಕೆಂಪು ಮಸಿಯಲ್ಲಿ ಮಾಡಿದ ತಿದ್ದುಪಡಿ, ನೀಲಿ ಮೊಹರು, ಪೆನ್ಸಿಲ್ ಗುರುತು ಎಲ್ಲ ಒಂದೇ ಕಪ್ಪಾಗುತ್ತವೆ ಅಥವಾ ಮಾಯವಾಗುತ್ತವೆ. ಜಮೀನಿನ ತಕರಾರು ಕೋರ್ಟಿಗೆ ಹೋದಾಗ ತಿದ್ದಿದ್ದು ಯಾವ ಮಸಿಯಲ್ಲಿ ಎನ್ನುವುದೇ ಪ್ರಶ್ನೆಯಾಗಬಹುದು. ಇಂಥ ಹಾಳೆಗೆ ಬಣ್ಣದ ಸ್ಕ್ಯಾನೇ ಬೇಕು. ಗಾತ್ರದ ಚಿಂತೆ ಆಮೇಲಿನದು.

ಕಪ್ಪು ಬಿಳುಪಿನಲ್ಲೂ ಒಂದು ಹೊಂಡವಿದೆ. ಜೆಬಿಗ್2 ಎಂಬ ವಿಧಾನ ಪುಟದಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನು ಗುಂಪು ಮಾಡಿ ಒಂದರ ಚಿತ್ರವನ್ನು ಎಲ್ಲಕ್ಕೂ ಅಂಟಿಸಬಲ್ಲದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದರ ಅನಾಹುತವನ್ನು ಬಯಲಿಗೆಳೆದರು. ಕಟ್ಟಡದ ನಕ್ಷೆಯೊಂದನ್ನು ಝೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಅಳತೆಯ ಮೂರು ಕೋಣೆಗಳೂ 14.13 ಚದರ ಮೀಟರ್ ಎಂದು ಬಂದಿದ್ದವು. ಬೇರೆ ಪುಟಗಳಲ್ಲಿ 6 ಎಂಬುದು 8 ಆಗಿತ್ತು. ಮಸುಕಾಗಿರಲಿಲ್ಲ, ಸ್ಪಷ್ಟವಾಗಿ ತಪ್ಪಾಗಿತ್ತು. ಕನ್ನಡದಲ್ಲಿ ಬ-ಭ, ದ-ಧ, ಪ-ಫ ನಡುವೆ ಇರುವುದು ಒಂದು ಸೀಳು. ಹಳೆಯ ದಾಖಲೆಗಳ ೬ ಮತ್ತು ೯ ಬಾಲದಲ್ಲಷ್ಟೇ ಬೇರೆ. ಕೈಬರಹದಲ್ಲಿ ಅಕ್ಷರಗಳು ಒಂದರಂತೊಂದು ಇರುವುದಿಲ್ಲವಾದ್ದರಿಂದ ಅಪಾಯ ಕಡಿಮೆ. ಅಚ್ಚಾದ ಪಟ್ಟಿಗಳಲ್ಲಿ, ಟೈಪ್ ಮಾಡಿದ ಆದೇಶಗಳಲ್ಲಿ ಹೆಚ್ಚು. ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ ಪಕ್ಕದವರ ಹೊಲವಾಗುತ್ತದೆ. ಸ್ಕ್ಯಾನ್ ಗುತ್ತಿಗೆ ಕೊಡುವವರು ಕರಾರಿನಲ್ಲಿ ಜೆಬಿಗ್2ರ ಈ ಅಂಟಿಸುವ ಬಗೆ ಬೇಡವೆಂದು ಒಂದು ಸಾಲು ಬರೆಸಬೇಕು.

ಗ್ರಾಮ ನಕ್ಷೆಗಳದು ನಡುವಿನ ದಾರಿ. ನಾಲ್ಕಾರು ಬಣ್ಣ, ಉದ್ದುದ್ದ ಗೆರೆ. ಕಂಪ್ಯೂಟರಿನಲ್ಲೇ ಬರೆದ ನಕ್ಷೆಯಲ್ಲಿ 256ಕ್ಕಿಂತ ಕಡಿಮೆ ಬಣ್ಣಗಳಿದ್ದರೆ ಪಿಎನ್‌ಜಿ ಅವುಗಳ ಪಟ್ಟಿ ಮಾಡಿಕೊಂಡು ಪಿಕ್ಸೆಲ್‌ಗೆ ಒಂದೇ ಬೈಟ್ ಬಳಸುತ್ತದೆ, ನಷ್ಟವಿಲ್ಲದೆ. ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿದರೆ ಈ ಲಾಭವಿಲ್ಲ. ಕಾಗದದ ನಾರು, ಮಡಿಕೆ, ಗೆದ್ದಲು ತಿಂದ ಅಂಚು ಸೇರಿ ಬಣ್ಣಗಳು ಸಾವಿರಾರಾಗುತ್ತವೆ.

ಬದಲಾವಣೆ ಮಾಡುವಾಗ ಕೈಕೊಡುವ ಜಾಗಗಳು ಕೆಲವಿವೆ. ವೆಬ್‌ಪಿ, ಎಕ್ಸ್‌ಎಲ್ ಎರಡಕ್ಕೂ ಲಾಸಿ (ನಷ್ಟವಾಗುವ), ಲಾಸ್‌ಲೆಸ್ ಎರಡೂ ಬಗೆಗಳಿವೆ, ಫೈಲಿನ ಹೆಸರು ನೋಡಿದರೆ ಯಾವುದೆಂದು ತಿಳಿಯುವುದಿಲ್ಲ. ವೆಬ್‌ಪಿ ಉಪಕರಣಕ್ಕೆ ಏನೂ ಹೇಳದಿದ್ದರೆ ಲಾಸಿ ಮಾಡುತ್ತದೆ. ಎಕ್ಸ್‌ಎಲ್‌ನ ಮೂಲ ಉಪಕರಣ ಜೆಪೆಗ್ ಕೊಟ್ಟರೆ ನಷ್ಟವಿಲ್ಲದೆ ಕಟ್ಟುತ್ತದೆ, ಪಿಎನ್‌ಜಿ ಕೊಟ್ಟರೆ ಲಾಸಿ ಮಾಡುತ್ತದೆ. ‘ಡಿಸ್ಟೆನ್ಸ್’ ಸೊನ್ನೆ ಎಂದು ನಾವೇ ಹೇಳಬೇಕು. ವೆಬ್‌ಪಿ ಲಾಸ್‌ಲೆಸ್ ಕೂಡ ಪೂರ್ತಿ ಪಾರದರ್ಶಕವಾದ ಜಾಗದ ಬಣ್ಣಗಳನ್ನು ಬದಲಿಸಿಬಿಡುತ್ತದೆ, ‘ಎಗ್ಸಾಕ್ಟ್’ ಎಂದು ತಾಕೀತು ಮಾಡದಿದ್ದರೆ. 16 ಬಿಟ್ ಸದ್ದಿಲ್ಲದೆ 8 ಬಿಟ್ ಆಗುವುದು, ಹಲವು ಪುಟದ ಟಿಫ್‌ನಲ್ಲಿ ಮೊದಲ ಪುಟ ಮಾತ್ರ ಉಳಿಯುವುದು, ಬಣ್ಣದ ಪ್ರೊಫೈಲ್, ತೆಗೆದ ದಿನಾಂಕ, ಜಿಪಿಎಸ್ ಗುರುತು ಬಿದ್ದುಹೋಗುವುದು ನಡೆಯುತ್ತಲೇ ಇರುತ್ತದೆ. ಪಿಕ್ಸೆಲ್ ಎಲ್ಲ ಉಳಿದು, ಇದು ತೆರಕಣಾಂಬಿಯದೋ ಹರದನಹಳ್ಳಿಯದೋ ಎಂಬ ಗುರುತು ಹೋದರೆ ಲಾಸ್‌ಲೆಸ್ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆ ಕಷ್ಟವಲ್ಲ. ಹಳೆಯ ಹೊಸ ಎರಡೂ ಫೈಲುಗಳನ್ನು ಇಮೇಜ್‌ಮ್ಯಾಜಿಕ್‌ನಂಥ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಎಷ್ಟು ಪಿಕ್ಸೆಲ್ ಬೇರೆಯಾಗಿವೆ ಎಂದು ಹೇಳುತ್ತದೆ. ಉತ್ತರ ಸೊನ್ನೆಯಾಗಿರಬೇಕು, ಒಂದು, ಎರಡು ಎಂದರೂ ಲಾಸ್‌ಲೆಸ್ ಅಲ್ಲ. ದಿನಾಂಕ, ಜಿಪಿಎಸ್‌ನಂಥ ಎಕ್ಸಿಫ್ ಮಾಹಿತಿಯನ್ನು ಬೇರೆಯಾಗಿ ಹೋಲಿಸಬೇಕು, ಏಕೆಂದರೆ ಪಿಕ್ಸೆಲ್ ಹೋಲಿಕೆ ಅದನ್ನು ನೋಡುವುದಿಲ್ಲ.

ಇನ್ನು ಬಾಳಿಕೆಯ ಮಾತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಸಂಖ್ಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಟ ಪುಟವಾಗಿ ಟಿಫ್‌ನಲ್ಲಿ ಇಟ್ಟಿತ್ತು. ಸಂಕುಚನ ಅಚ್ಚುಕಟ್ಟು. ಆದರೆ ಹೆಚ್ಚಿನ ಬ್ರೌಸರ್‌ಗಳಲ್ಲಿ ಟಿಫ್ ತೆರೆಯುವುದಿಲ್ಲ. ಓದಬೇಕಾದರೆ ಬೇರೆ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. ಎಷ್ಟೋ ಓದುಗರು ಅಲ್ಲಿಗೇ ಹಿಂದಿರುಗಿದರು. ಆ ಪುಸ್ತಕಗಳು ನಿಜವಾಗಿ ಜನರ ಕೈಗೆ ಬಂದದ್ದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪಿಡಿಎಫ್ ಆಗಿ ಸಿಕ್ಕ ಮೇಲೆ. ಜೆಪೆಗ್ ಎಕ್ಸ್‌ಎಲ್‌ನ ಸ್ಥಿತಿಯೂ ಸ್ವಲ್ಪ ಹಾಗೇ ಇತ್ತು. ಗೂಗಲ್ 2022ರಲ್ಲಿ ಕ್ರೋಮ್‌ನಿಂದ ಅದರ ಪ್ರಾಯೋಗಿಕ ಬೆಂಬಲ ತೆಗೆಯುವುದಾಗಿ ಹೇಳಿತು, ಆಪಲ್ 2023ರಲ್ಲಿ ಸಫಾರಿಗೆ ಸೇರಿಸಿಕೊಂಡಿತು. ಮಾನಕ ಮುಕ್ತವಾಗಿದೆ, ತಂತ್ರಾಂಶ ಉಚಿತವಾಗಿದೆ, ಆದ್ದರಿಂದ ಮುಂದೆ ತೆರೆಯಲಾಗದೇ ಹೋಗುವ ಭಯ ನನಗಿಲ್ಲ. ಆದರೂ ಗುಂಡ್ಲುಪೇಟೆಯ ಪ್ರಿಂಟಿಂಗ್ ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಒಯ್ದು ಕೊಟ್ಟರೆ ‘ಸರ್, ಇದು ಓಪನ್ ಆಗ್ತಿಲ್ಲ’ ಎನ್ನುವ ಸಂಭವವೇ ಹೆಚ್ಚು.

ಡಿಸ್ಕ್ ಅಗ್ಗವಾಗಿರುವಾಗ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಡಿಸ್ಕಿನ ಬೆಲೆಗಿಂತ ಸಾಗಿಸುವ ಸಮಯ ದೊಡ್ಡದು. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಎಡೆಬಿಡದೆ ಸಿಕ್ಕರೂ ಒಂದು ಟಿಬಿಯನ್ನು ಕ್ಲೌಡ್‌ಗೆ ಏರಿಸಲು ನಾಲ್ಕೂವರೆ ದಿನ ಮೀರುತ್ತದೆ. ಅದು ಅರ್ಧವಾದರೆ ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಡುವ ಮನಸ್ಸು ಬರುತ್ತದೆ. ಒಂದೇ ಡಿಸ್ಕಿನಲ್ಲಿರುವ ಸಂಗ್ರಹ ಯಾವ ಮಾದರಿಯಲ್ಲಿದ್ದರೂ ಡಿಸ್ಕ್ ಕೆಟ್ಟ ದಿನ ಹೋಗುತ್ತದೆ.

ನನ್ನ ತೀರ್ಪು ಇಷ್ಟು. ಬಿಎಂಪಿ, ಸಂಕುಚನವಿಲ್ಲದ ಟಿಫ್ ಇಟ್ಟುಕೊಂಡಿರುವವರು ಇವತ್ತೇ ಡಿಫ್ಲೇಟ್ ಟಿಫ್‌ಗೋ ಪಿಎನ್‌ಜಿಗೋ ಬದಲಿಸಲಿ. ಸಿಗುವ ಲಾಭದ ಬಹುಪಾಲು ಅಲ್ಲೇ ಇದೆ. ಪಿಎನ್‌ಜಿಯಲ್ಲಿ ಇಟ್ಟವರಿಗೆ ಅವಸರವಿಲ್ಲ, ಬೇಕಾದರೆ ರಾತ್ರಿ ಆಕ್ಸಿಪಿಎನ್‌ಜಿ ಓಡಲು ಬಿಟ್ಟು ಮಲಗಲಿ. ಹಲವು ಟಿಬಿ ಇರುವ ಸಂಸ್ಥೆಗಳು, ಪರೀಕ್ಷಿಸಬಲ್ಲ ಸಿಬ್ಬಂದಿ ಇದ್ದರೆ, ಜೆಪೆಗ್ ಎಕ್ಸ್‌ಎಲ್‌ಗೆ ಹೋಗಬಹುದು. ಪಿಕ್ಸೆಲ್ ಹೋಲಿಕೆಯಲ್ಲಿ ಸೊನ್ನೆ ಬಂದು, ಎರಡನೆಯ ಪ್ರತಿ ಬೇರೆ ಡಿಸ್ಕಿನಲ್ಲಿ ತೆರೆಯುವುದನ್ನು ನೋಡುವ ತನಕ ಮೂಲ ಫೈಲನ್ನು ಯಾರೂ ಅಳಿಸಬೇಡಿ.